ಹಾಡಿದ್ದೇ ಹಾಡುವ ಆಟಗಳು: ಆ್ಯಕ್ಷನ್ ಗೇಮ್ ಬೇಸರದ ಒಂದು ಚರಿತ್ರೆ

2007ರ ನವೆಂಬರ್‌ನಲ್ಲಿ ‘ಅಸಾಸಿನ್ಸ್ ಕ್ರೀಡ್’ ಎಂಬ ಗೇಮ್ ಬಂದಾಗ ಅದನ್ನು ಆಡಿದವರಿಂದ ಎರಡು ಮಾತು ಕೇಳಿಬಂದವು. ಇಂಥದ್ದನ್ನು ಹಿಂದೆ ಕಂಡಿರಲಿಲ್ಲ ಎಂಬುದು ಮೊದಲನೆಯದು. ನಾಲ್ಕೈದು ಗಂಟೆ ಆಡಿದ ಮೇಲೆ ಬಂದದ್ದು ಎರಡನೆಯದು: ಇದನ್ನು ಆಗಲೇ ಆಡಿ ಆಯಿತಲ್ಲ! ವರ್ಷಗಟ್ಟಲೆ ಕೂತು, ಅಪಾರ ದುಡ್ಡು ಸುರಿದು ಕಟ್ಟಿದ ಆಟ ಕೊನೆಗೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸನಾಗಿಬಿಟ್ಟಿತ್ತು. ಆಮೇಲೆ ಬಂದ ಎಷ್ಟೋ ದೊಡ್ಡ ಆ್ಯಕ್ಷನ್ ಗೇಮ್‌ಗಳ ಬಗ್ಗೆಯೂ ಇದೇ ದೂರು ಮತ್ತೆ ಮತ್ತೆ ಕೇಳುತ್ತ ಬಂದಿದೆ.

ನಾವು ಇಲ್ಲಿ ಸಾಮಾನ್ಯವಾಗಿ ಬರೆಯುವುದು ಕೆರೆ ಹೂಳು, ಬೆಳೆ ವಿಮೆ, ಬಸ್ಸು ಬಾರದ ಊರುಗಳ ಬಗ್ಗೆ. ಹಾಗಿರುವಾಗ ಗೇಮ್‌ಗಳ ಕಥೆ ಯಾಕೆ ಎಂದು ಕೇಳಬಹುದು. ನಮ್ಮ ಊರುಗಳ ಹುಡುಗರ ಸಂಜೆ ಈಗ ಅರಳಿಕಟ್ಟೆಯ ಮೇಲೆಯೇ ಕಳೆದರೂ ಕಣ್ಣು ಮಾತ್ರ ಮೊಬೈಲಿನ ಆ್ಯಕ್ಷನ್ ಗೇಮಿನಲ್ಲಿರುತ್ತದೆ. ಊರಿನ ಇಷ್ಟೊಂದು ಸಮಯ ಒಂದು ಕಡೆ ಹರಿಯುತ್ತಿದ್ದರೆ ಅದರ ಲೆಕ್ಕ ಕೇಳುವುದು ವರದಿಗಾರರ ಕೆಲಸವೇ. ‘ಗೇಮ್ ಚಟ’ ಎಂಬ ಎರಡು ಪದದಲ್ಲಿ ಈ ವಿಷಯವನ್ನು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಆಡುವವರ ಹತ್ತಿರ ಹೋಗಿ ಕೂತರೆ ಬೇರೆ ಮಾತು ಕೇಳುತ್ತದೆ. ‘ಬೋರು ಮಾರಾಯ, ದಿನಾ ಅದೇ’ ಎನ್ನುತ್ತಲೇ ಅವರು ಮುಂದಿನ ಆಟ ಶುರು ಮಾಡುತ್ತಾರೆ. ಈ ಬೇಸರಕ್ಕೆ ಒಂದು ಚರಿತ್ರೆ ಇದೆ. ಅದನ್ನು ಮೊದಲಿನಿಂದ ನೋಡೋಣ.

ನಾಣ್ಯದ ಕಾಲ

1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಎಂಬ ಗೇಮ್ ಮಾಡಿದರು. ಪರದೆಯ ಮೇಲೆ 5 ಸಾಲು, ಸಾಲಿಗೆ 11, ಒಟ್ಟು 55 ಅನ್ಯಗ್ರಹದ ಜೀವಿಗಳು. ಅವು ಎಡಕ್ಕೆ ಬಲಕ್ಕೆ ಸರಿಯುತ್ತ, ಅಂಚು ಮುಟ್ಟಿದಾಗಲೆಲ್ಲ ಒಂದು ಹೆಜ್ಜೆ ಕೆಳಗಿಳಿಯುತ್ತವೆ. ಕೆಳಗಿರುವ ನಾವು ಗುಂಡು ಹೊಡೆಯಬೇಕು. 55ನ್ನೂ ಮುಗಿಸಿದರೆ ಮತ್ತೆ 55 ಬರುತ್ತವೆ. ಕಥೆ ಇಲ್ಲ, ಮುಕ್ತಾಯವಿಲ್ಲ. ಇದಕ್ಕಿಂತ ಹೆಚ್ಚು ಪುನರಾವರ್ತನೆಯ ಆಟವನ್ನು ಊಹಿಸುವುದೇ ಕಷ್ಟ.

ಆದರೂ ಜನ ಅದರ ಮುಂದೆ ಸಾಲುಗಟ್ಟಿ ನಿಂತರು. ಅದಕ್ಕೊಂದು ಕಾರಣ ಯಂತ್ರದ ಒಳಗೇ ಇತ್ತು. ಆ ಕಾಲದ ಚಿಪ್‌ಗೆ 55 ಚಿತ್ರಗಳನ್ನು ಒಟ್ಟಿಗೆ ಸರಿಸುವುದು ಭಾರದ ಕೆಲಸ. ಶತ್ರುಗಳು ಸತ್ತು ಸಂಖ್ಯೆ ಇಳಿದಂತೆ ಭಾರ ಕಡಿಮೆಯಾಗಿ ಉಳಿದವು ವೇಗವಾಗಿ ಓಡತೊಡಗಿದವು. ನಿಶಿಕಾಡೊ ಇದನ್ನು ಸರಿಪಡಿಸದೆ ಹಾಗೆಯೇ ಬಿಟ್ಟರು. ಹಾಗಾಗಿ ಗೆಲುವು ಹತ್ತಿರ ಬಂದಷ್ಟೂ ಆಟ ಕಷ್ಟವಾಗುತ್ತಿತ್ತು. ಕೊನೆಯ ಒಂದು ಜೀವಿ ಮೊದಲ ಐವತ್ತಕ್ಕಿಂತ ಹೆಚ್ಚು ಬೆವರಿಳಿಸುತ್ತಿತ್ತು.

ಇನ್ನೊಂದು ಕಾರಣ ದುಡ್ಡಿನದು. ಇವು ನಾಣ್ಯ ಹಾಕಿ ಆಡುವ ಯಂತ್ರಗಳು. ನಾವು ಬೇಗ ಸೋತು ಇನ್ನೊಂದು ನಾಣ್ಯ ಹಾಕಲಿ ಎಂಬುದು ಅಂಗಡಿಯವನ ಆಸೆ. ಒಂದೇ ನಾಣ್ಯದಲ್ಲಿ ಆದಷ್ಟು ಹೊತ್ತು ನಿಲ್ಲಬೇಕೆಂಬುದು ಆಡುವವನ ಹಟ. ಈ ಎಳೆದಾಟದಲ್ಲಿ ಆಟಗಾರನಿಗೆ ಬೇಸರವಾದರೆ ಅಂಗಡಿಗೇ ನಷ್ಟ, ಅವನು ಪಕ್ಕದ ಯಂತ್ರಕ್ಕೆ ಹೋಗಿಬಿಡುತ್ತಾನೆ. ಹಾಗಾಗಿ ಪ್ರತಿ ಸುತ್ತೂ ಹಿಂದಿನದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಬಿಗಿಯಾಗಬೇಕಿತ್ತು.

ಕ್ಯಾಸೆಟ್ಟಿನ ಕಾಲ

ಗೇಮ್ ಮನೆಯ ಟಿ.ವಿ.ಗೆ ಬಂದ ಮೇಲೆ ಈ ಬಿಗಿ ಸಡಿಲವಾಯಿತು. ಈಗ ನಾಣ್ಯವಿಲ್ಲ. ದುಡ್ಡು ಒಂದೇ ಸಲ, ಆಡುವುದಕ್ಕೆ ಮೊದಲೇ ಹೋಗುತ್ತದೆ. ಅಮೆರಿಕದಲ್ಲಿ ಒಂದನ್ನೊಂದು ಹೋಲುವ ಕಳಪೆ ಗೇಮ್‌ಗಳು ಅಂಗಡಿಗಳಲ್ಲಿ ರಾಶಿ ಬಿದ್ದವು. 1982ರಲ್ಲಿ ಅಟಾರಿ ಕಂಪನಿ ಹೆಸರಾಂತ ಸಿನಿಮಾ ಆಧರಿಸಿದ ‘ಇ.ಟಿ.’ ಗೇಮನ್ನು ಸುಮಾರು ಐದು ವಾರದಲ್ಲಿ ಮಾಡಿಸಿ ಕ್ರಿಸ್‌ಮಸ್ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಬೇರೆ ಸರಕಿನ ಜೊತೆ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅದನ್ನು ಅಗೆದು ತೆಗೆದಾಗ ಕ್ಯಾಸೆಟ್‌ಗಳು ನಿಜಕ್ಕೂ ಸಿಕ್ಕವು. 1983ರಲ್ಲಿ ಅಲ್ಲಿನ ಗೇಮ್ ಮಾರುಕಟ್ಟೆಯೇ ಕುಸಿದುಬಿತ್ತು. ಕೊಳ್ಳುವವರ ಬೇಸರ ಒಂದು ಉದ್ಯಮವನ್ನೇ ಮಲಗಿಸಬಲ್ಲದು ಎಂಬುದಕ್ಕೆ ಮೊದಲ ಸಾಕ್ಷಿ ಅದು.

ಅದನ್ನು ಮತ್ತೆ ಎಬ್ಬಿಸಿದ್ದು ಜಪಾನಿನ ನಿಂಟೆಂಡೊ. ಅದರ ಫ್ಯಾಮಿಕಾಂ ಯಂತ್ರದ ಅಗ್ಗದ ನಕಲುಗಳೇ ಮುಂದೆ ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ನಮ್ಮ ಪೇಟೆಗಳಿಗೂ, ಅಲ್ಲಿಂದ ಹಳ್ಳಿಗಳಿಗೂ ಬಂದದ್ದು. ಅದರ ಜೊತೆಗೆ ಬರುತ್ತಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಅದೇ ಮಾರಿಯೋ, ಅದೇ ಟ್ಯಾಂಕ್, ಅದೇ ಬಾತುಕೋಳಿ ಬೇಟೆ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಪಟ್ಟಿಯಲ್ಲಿ ಕೆಳಕೆಳಗೆ ಹೋದಂತೆ ಹೊಸದೇನೋ ಸಿಕ್ಕೀತು ಎಂದು ಒತ್ತಿದವರಿಗೆಲ್ಲ ಮೋಸ ಗೊತ್ತಾಗುತ್ತಿತ್ತು.

ಆದರೆ ಅದೇ ಪಟ್ಟಿಯಲ್ಲಿ ‘ಕಾಂಟ್ರಾ’ ಕೂಡ ಇರುತ್ತಿತ್ತು. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ತಂದ ಆ್ಯಕ್ಷನ್ ಗೇಮ್ ಅದು. ಕೈ ಪಳಗಿದವರು ಅರ್ಧ ಗಂಟೆಯೊಳಗೆ ಮುಗಿಸಬಹುದಾದಷ್ಟು ಚಿಕ್ಕದು. ಶತ್ರು ಎಲ್ಲಿಂದ ಬರುತ್ತಾನೆ, ಎಸ್ ಗನ್ ಎಲ್ಲಿ ಸಿಗುತ್ತದೆ ಎಲ್ಲವೂ ಬಾಯಿಪಾಠ. ಆದರೂ ಒಂದು ಇಡೀ ತಲೆಮಾರು ಅದನ್ನೇ ಆಡಿತು. ಮೂರನೇ ಲೆವೆಲ್ಲಿನ ಜಲಪಾತದಲ್ಲಿ ಇಬ್ಬರು ಒಟ್ಟಿಗೆ ಆಡುವಾಗ ಅಣ್ಣ ಅವಸರದಲ್ಲಿ ಮೇಲೆ ಹತ್ತಿದರೆ ಪರದೆ ಮೇಲಕ್ಕೆ ಸರಿದು ಕೆಳಗೆ ಉಳಿದ ತಮ್ಮ ಸಾಯುತ್ತಿದ್ದ. ಆಟ ನಿನ್ನೆಯದೇ ಆದರೂ ಇವತ್ತು ಪಕ್ಕದಲ್ಲಿ ಕೂತವನು ಬೇರೆ. ನಿನ್ನೆ ಸತ್ತ ಜಾಗದಲ್ಲಿ ಇವತ್ತು ಸಾಯದೆ ದಾಟಿದ್ದೇ ಹೊಸ ಸುದ್ದಿ.

ಒಂದೇ ಕ್ಯಾಸೆಟ್ಟಿನಲ್ಲಿ ಹೀಗೆ ಎರಡು ಬಗೆಯ ಪುನರಾವರ್ತನೆ ಇತ್ತು. ಒಂದು ಕೈಯನ್ನು ಪಳಗಿಸುತ್ತಿತ್ತು. ಇನ್ನೊಂದು ಲೇಬಲ್ಲಿನ ಸಂಖ್ಯೆಯನ್ನು ದೊಡ್ಡದು ಮಾಡುತ್ತಿತ್ತು. ಮುಂದಿನ ಕಥೆಯೆಲ್ಲ ಈ ಎರಡರದ್ದೇ.

ಪುನರಾವರ್ತನೆಯೇ ತಪ್ಪು ಎಂದು ಹೇಳುವ ಹಾಗಿಲ್ಲ ಎಂಬುದು ನಮ್ಮವರಿಗೆ ಗೊತ್ತಿರುವ ವಿಷಯ. ಚನ್ನೆಮಣೆಯಲ್ಲಿ ಅವೇ ಗುಳಿ, ಅವೇ ಹರಳು. ಕಬಡ್ಡಿಯಲ್ಲಿ ಅದೇ ಗೆರೆ, ಅದೇ ಉಸಿರು. ಯಕ್ಷಗಾನದ ‘ಗದಾಯುದ್ಧ’ದಲ್ಲಿ ಕೌರವ ಕೊನೆಗೆ ಸಾಯುತ್ತಾನೆ ಎಂಬುದು ಯಾರಿಗೆ ಗೊತ್ತಿಲ್ಲ? ಇವತ್ತಿನ ಕೌರವ ಏನು ಮಾತಾಡುತ್ತಾನೆ ಎಂದು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಚೌಕಟ್ಟು ಒಂದೇ ಇದ್ದರೂ ಒಳಗೆ ತುಂಬುವ ಕೆಲಸ ಪ್ರತಿ ಸಲವೂ ಹೊಸದಾಗಿ ಆಗಬೇಕು. ಅದು ನಿಂತಾಗ ಬೇಸರ ಶುರು.

ಒಂಬತ್ತು ಕೊಲೆ, ಒಂದೇ ದಾರಿ

ಈಗ 2007ಕ್ಕೆ ವಾಪಸಾಗೋಣ. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿಯ ಕೆನಡಾದ ಮಾಂಟ್ರಿಯಲ್ ಸ್ಟುಡಿಯೋ 2003ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಮಾಡಿ ಹೆಸರು ಗಳಿಸಿತ್ತು. ಅದರ ಮುಂದಿನ ಭಾಗ ಮಾಡಲು ಹೊರಟ ಪ್ಯಾಟ್ರಿಸ್ ಡೆಸಿಲೆ ಅವರ ತಂಡಕ್ಕೆ ರಾಜಕುಮಾರನಿಗಿಂತ ಕೊಲೆಗಾರನೇ ಹೆಚ್ಚು ಸ್ವಾರಸ್ಯವಾಗಿ ಕಂಡ. ಹಾಗೆ ಹುಟ್ಟಿದ್ದು ‘ಅಸಾಸಿನ್ಸ್ ಕ್ರೀಡ್’. ಕಾಲ 1191, ಮೂರನೇ ಕ್ರುಸೇಡ್ ಯುದ್ಧ. ಊರುಗಳು ಜೆರುಸಲೇಮ್, ಡಮಾಸ್ಕಸ್, ಆಕರ್. ಕಥಾನಾಯಕ ಆಲ್ಟೇರ್ ಯಾವ ಗೋಡೆಯನ್ನಾದರೂ ಹತ್ತಬಲ್ಲ. ಕಿಕ್ಕಿರಿದ ಸಂತೆಯಲ್ಲಿ ಜನರನ್ನು ಮೆಲ್ಲಗೆ ಸರಿಸುತ್ತ ನಡೆಯಬಲ್ಲ. ಗೋಪುರದ ತುದಿಯಿಂದ ಇಡೀ ಊರು ಕಾಣುವ ಆ ನೋಟಕ್ಕೆ ಜನ ಮಾರುಹೋದರು.

ಅವನು ಒಂಬತ್ತು ಜನರನ್ನು ಕೊಲ್ಲಬೇಕು. ಕೊಲ್ಲುವ ಮೊದಲು ಊರಿಗೆ ಹೋಗು, ಗೋಪುರ ಹತ್ತು, ಸಂಘದ ಮನೆ ಹುಡುಕು. ಬೆಂಚಿನ ಮೇಲೆ ಕೂತು ಯಾರದೋ ಮಾತು ಕದ್ದು ಕೇಳು, ಒಬ್ಬನ ಜೇಬಿಗೆ ಕೈ ಹಾಕು, ಇನ್ನೊಬ್ಬನಿಗೆ ಹೊಡೆದು ಬಾಯಿ ಬಿಡಿಸು. ಮನೆಗೆ ಮರಳಿ ಒಂದು ಗರಿ ಪಡೆದು ಹೊರಡು. ಕೊಂದು, ಗರಿಯನ್ನು ರಕ್ತದಲ್ಲಿ ಅದ್ದಿ, ತಪ್ಪಿಸಿಕೊಂಡು ಬಾ. ಮೊದಲ ಸಲ ಇದು ರೋಮಾಂಚನ. ಎರಡನೇ ಸಲ ಅಭ್ಯಾಸ. ಐದನೇ ಸಲಕ್ಕೆ ಸರ್ಕಾರಿ ಕಚೇರಿಯಲ್ಲಿ ಫೈಲು ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆದ ಹಾಗೆ. ಜೇಬಿಗೆ ಕೈ ಹಾಕುವುದು ಐದನೇ ಊರಿನ ಪಾಳಿಗೂ ಮೊದಲಿನಷ್ಟೇ ಸುಲಭ. ಕದ್ದು ಕೇಳಿದ ಮಾತಿನಿಂದ ಕೊಲೆಯ ದಾರಿ ಅಷ್ಟೇನೂ ಬದಲಾಗುತ್ತಿರಲಿಲ್ಲ. ಆಟ ನಮ್ಮಿಂದ ಹೊಸದೇನನ್ನೂ ಬೇಡುತ್ತಿರಲಿಲ್ಲ.

ಇದಲ್ಲದೆ ಊರೂರಲ್ಲಿ ಹೆಕ್ಕಲು ಬಾವುಟಗಳಿದ್ದವು. ಒಟ್ಟು 420. ಅಷ್ಟನ್ನೂ ಹುಡುಕಿ ತಂದವನಿಗೆ ಕಥೆಯಲ್ಲಿ ಏನೂ ಸಿಗುತ್ತಿರಲಿಲ್ಲ. ನಮ್ಮಲ್ಲಿ ಆ ಸಂಖ್ಯೆಗೆ ಇರುವ ಅರ್ಥ ಅವರಿಗೆ ಗೊತ್ತಿರಲಿಕ್ಕಿಲ್ಲ, ಬಿಡಿ.

ಈ ಪಕ್ಕದ ಕೆಲಸಗಳು ಹೇಗೆ ಸೇರಿದವು ಎಂಬುದನ್ನು ಆ ತಂಡದ ಪ್ರೋಗ್ರಾಮರ್ ಒಬ್ಬರು 2020ರಲ್ಲಿ ಹೇಳಿಕೊಂಡರು. ಗೇಮ್ ಮುಗಿದು ಅಚ್ಚಿಗೆ ಹೋಗುವುದರಲ್ಲಿತ್ತಂತೆ. ಕಂಪನಿಯ ಮುಖ್ಯಸ್ಥರ ಮಗು ಅದನ್ನು ಆಡಿ, ಬೋರು, ಮಾಡಲು ಏನೂ ಇಲ್ಲ ಎಂದಿತಂತೆ. ಐದು ದಿನದಲ್ಲಿ ಏನಾದರೂ ತುಂಬಿಸಿ ಎಂದು ಮೇಲಿನಿಂದ ಆದೇಶ ಬಂತಂತೆ. ಮಗು ಹೇಳಿದ್ದು ಸರಿಯೇ ಇರಬಹುದು. ಆದರೆ ಮಾಡಲು ಏನೂ ಇಲ್ಲ ಎಂಬುದಕ್ಕೆ ಕಂಪನಿ ಕಂಡುಕೊಂಡ ಔಷಧ, ಒಂದೇ ಕೆಲಸವನ್ನು ಹೆಚ್ಚು ಸಲ ಮಾಡಿಸುವುದು. ‘9999999 ಇನ್ 1’ ಕ್ಯಾಸೆಟ್ಟಿನವರು ಮಾಡಿದ್ದೂ ಅದನ್ನೇ.

ವರ್ಷಕ್ಕೊಂದು ಫಸಲು

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ತಂಡ ದೂರನ್ನು ಕೇಳಿಸಿಕೊಂಡಿತು. 2009ರ ಎರಡನೇ ಭಾಗದಲ್ಲಿ ಆ ಮೂರ್ನಾಲ್ಕು ಕೆಲಸಗಳ ಸರಪಳಿಯನ್ನು ಕಿತ್ತುಹಾಕಿ ಪ್ರತಿ ಕೊಲೆಗೂ ಬೇರೆ ಸಂದರ್ಭ ಕಟ್ಟಿದರು. ಇಟಲಿಯ ಎಟ್ಸಿಯೊ ಎಂಬ ಆ ನಾಯಕನನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಆದರೆ ಗೆದ್ದ ಕುದುರೆಗೆ ವಿಶ್ರಾಂತಿ ಸಿಗಲಿಲ್ಲ. 2010, 2011, 2012, 2013, ಹೀಗೆ ವರ್ಷಕ್ಕೊಂದು ಭಾಗ ಬಂತು. 2014ರಲ್ಲಿ ಎರಡು ಬಂದವು. ಅಷ್ಟು ಹೊತ್ತಿಗೆ ‘ಕಾಲ್ ಆಫ್ ಡ್ಯೂಟಿ’ ಎಂಬ ಯುದ್ಧದ ಗೇಮ್ ಕೂಡ 2005ರಿಂದ ಪ್ರತಿ ವರ್ಷ ಬರುವುದನ್ನು ರೂಢಿ ಮಾಡಿಕೊಂಡಿತ್ತು. ಗೋಪುರ ಹತ್ತಿದರೆ ನಕ್ಷೆ ತೆರೆಯುವ ಉಪಾಯ ಯೂಬಿಸಾಫ್ಟ್‌ನದೇ ಆದ ‘ಫಾರ್ ಕ್ರೈ 3’ಕ್ಕೂ ‘ವಾಚ್ ಡಾಗ್ಸ್’ಗೂ ಹೋಯಿತು. ಕೊನೆಗೆ 2018ರ ‘ಫಾರ್ ಕ್ರೈ 5’ರಲ್ಲಿ, ನಿನ್ನನ್ನು ಊರೆಲ್ಲ ಗೋಪುರ ಹತ್ತಿಸುವುದಿಲ್ಲ ಎಂದು ಒಂದು ಪಾತ್ರವೇ ತಮಾಷೆಯಾಗಿ ಭರವಸೆ ಕೊಡುತ್ತದೆ. ಮಾಡಿದವರಿಗೂ ಅದು ನಗೆಯ ವಸ್ತುವಾಗಿತ್ತು.

2014ರ ‘ಯೂನಿಟಿ’ ಭಾಗದಲ್ಲಿ ಹತ್ತು ಸ್ಟುಡಿಯೋಗಳು ಕೆಲಸ ಮಾಡಿದ್ದವು. ಅದು ಬಂದದ್ದು ದೋಷಗಳ ಮೂಟೆಯಾಗಿ. ಮುಖದ ಚರ್ಮವೇ ಮಾಯವಾಗಿ ಕಣ್ಣು ಹಲ್ಲು ಮಾತ್ರ ತೇಲುವ ಪಾತ್ರಗಳ ಚಿತ್ರ ಲೋಕವೆಲ್ಲ ಸುತ್ತಿತು. ಕಂಪನಿ ಕ್ಷಮೆ ಕೇಳಿ, ಮುಂದೆ ಬರಲಿದ್ದ ಹೆಚ್ಚುವರಿ ಕಥೆಯೊಂದನ್ನು ಪುಕ್ಕಟೆ ಕೊಟ್ಟಿತು. 2016ರಲ್ಲಿ ಹೊಸ ಮುಖ್ಯ ಭಾಗ ತರದೆ ನೆಲ ಬೀಳು ಬಿಟ್ಟಿತು. ಒಂದೇ ಬೆಳೆ ಹಾಕಿ ಹಾಕಿ ಮಣ್ಣು ಸತ್ತಾಗ ರೈತ ಮಾಡುವ ಕೆಲಸ ಅದು. 2017ರಲ್ಲಿ ಈಜಿಪ್ಟಿನ ಕಥೆಯೊಂದಿಗೆ ಬಂದ ‘ಒರಿಜಿನ್ಸ್’ ಹೊಸ ಉಸಿರು ತಂದಿತು.

ಈ ಹಂಚಿಕೆಯ ಕೆಲಸಕ್ಕೆ ಬೆಂಗಳೂರಿನ ನಂಟೂ ಇದೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆ ವಿದೇಶಿ ಗೇಮ್‌ಗಳಿಗೆ ಬೇಕಾದ ಚಿತ್ರಕೆಲಸ ಮಾಡಿಕೊಡುತ್ತ ಬೆಳೆಯಿತು. 2019ರಲ್ಲಿ ‘ಜಿಟಿಎ’ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡಿತು. ಜಗತ್ತಿನ ದೊಡ್ಡ ಗೇಮ್‌ಗಳ ಕಾರು, ಗೋಡೆ, ಮರಗಳಲ್ಲಿ ನಮ್ಮ ಊರಿನವರ ಬೆರಳ ಗುರುತೂ ಇದೆ ಎಂಬುದು ಹೆಮ್ಮೆಯ ಮಾತೇ. ಆದರೆ ಹೀಗೆ ಹಂಚಿ ಮಾಡಬಹುದಾದ ಕೆಲಸ ಯಾವುದು ಎಂದು ನೋಡಬೇಕು. ಸಾವಿರ ಮರ, ನೂರು ಮನೆ, ಐವತ್ತು ಅಂಗಿ ಬೇಕೆಂದರೆ ಹಂಚಬಹುದು. ಆಟದ ನಿಯಮ ಹಾಗಲ್ಲ. ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂತು ಆಡಿ, ಜಗಳವಾಡಿ, ಹತ್ತರಲ್ಲಿ ಒಂಬತ್ತನ್ನು ಎಸೆದಾಗ ಒಂದು ಒಳ್ಳೆಯ ನಿಯಮ ಉಳಿಯುತ್ತದೆ. ಕೈಗಳು ಹೆಚ್ಚಾದಂತೆ ಗೇಮ್‌ನ ಊರುಗಳು ಹಿಗ್ಗಿದವು, ಆ ಊರಲ್ಲಿ ಮಾಡುವ ಕೆಲಸ ಮಾತ್ರ ಅಷ್ಟೇ ಉಳಿಯಿತು. ಇದಕ್ಕೆ ಚಿತ್ರ ಬರೆದವರನ್ನು ಬೈದು ಪ್ರಯೋಜನವಿಲ್ಲ.

ಗಂಟೆಯ ಲೆಕ್ಕ

ಊರು ಹಿಗ್ಗಿದಾಗ ಜಾಹೀರಾತೂ ಹಿಗ್ಗಿತು. 2022ರ ಜನವರಿಯಲ್ಲಿ ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ ತನ್ನ ‘ಡೈಯಿಂಗ್ ಲೈಟ್ 2’ ಗೇಮನ್ನು ಪೂರ್ತಿಯಾಗಿ ಮುಗಿಸಲು 500 ಗಂಟೆ ಬೇಕೆಂದು ಸಾರಿತು. ವಾರ್ಸಾದಿಂದ ಮ್ಯಾಡ್ರಿಡ್‌ಗೆ ನಡೆದುಹೋಗುವಷ್ಟು ಸಮಯ ಅದು ಎಂಬ ಹೋಲಿಕೆಯನ್ನೂ ಕೊಟ್ಟಿತು. ಜನ ಕುಣಿದಾಡುತ್ತಾರೆ ಎಂದುಕೊಂಡಿದ್ದರೇನೋ. ಬಂದದ್ದು ಸಿಟ್ಟು. ಮುಖ್ಯ ಕಥೆ ಸುಮಾರು 20 ಗಂಟೆಯದ್ದು, ಉಳಿದದ್ದು ಬೇಕಾದವರಿಗೆ ಎಂದು ಕಂಪನಿ ಸಮಜಾಯಿಷಿ ಕೊಡಬೇಕಾಯಿತು. ದುಡಿದು ಬಂದು ರಾತ್ರಿ ಒಂದು ಗಂಟೆ ಆಡುವವನಿಗೆ 500 ಗಂಟೆ ಎಂದರೆ ಒಂದು ವರ್ಷ ನಾಲ್ಕು ತಿಂಗಳು.

ಇದಕ್ಕಿಂತ ಸೂಕ್ಷ್ಮವಾದ ಘಟ್ಟ 2018ರಲ್ಲಿ ಬಂದಿತ್ತು. ‘ಅಸಾಸಿನ್ಸ್ ಕ್ರೀಡ್ ಒಡಿಸ್ಸಿ’ಯಲ್ಲಿ ಕಥೆ ಮುಂದುವರಿಯಬೇಕಾದರೆ ನಾಯಕನ ಮಟ್ಟ ಏರಬೇಕು. ಏರಲು ಪಕ್ಕದ ಕೆಲಸಗಳನ್ನು ಮಾಡುತ್ತಿರಬೇಕು. ಅಷ್ಟು ಪುರುಸೊತ್ತು ಇಲ್ಲದವರಿಗೆ ಅದೇ ಕಂಪನಿ ಸುಮಾರು 10 ಡಾಲರ್‌ಗೆ ಒಂದು ಸೌಲಭ್ಯ ಮಾರಿತು. ಕೊಂಡರೆ ಮಟ್ಟ ಬೇಗ ಬೇಗ ಏರುತ್ತದೆ. ಗೇಮಿಗೆ ದುಡ್ಡು ಕೊಟ್ಟವನು ಆ ಗೇಮನ್ನು ಕಡಿಮೆ ಆಡಲು ಮತ್ತೆ ದುಡ್ಡು ಕೊಡಬೇಕು. ನಾಣ್ಯದ ಕಾಲದಲ್ಲಿ ಬೇಸರ ಅಂಗಡಿಯವನಿಗೆ ನಷ್ಟವಾಗಿತ್ತು. ಈಗ ಬೇಸರವೇ ಮಾರಾಟದ ಸರಕಾಯಿತು. ನಲವತ್ತು ವರ್ಷದ ಈ ಕಥೆಯಲ್ಲಿ ಪಕ್ಷ ಬದಲಾದ ಜಾಗ ಇದೇ ಎಂದು ನಮಗೆ ಅನಿಸುತ್ತದೆ.

ಉತ್ತರ ಕೊಟ್ಟವರು

ಬೇರೆ ದಾರಿ ಇರಲಿಲ್ಲವೇ? ಇತ್ತು. 2014ರ ‘ಶ್ಯಾಡೋ ಆಫ್ ಮೋರ್ಡೋರ್’ ಕೂಡ ಅದೇ ಗೋಪುರ, ಅದೇ ಕತ್ತಿ ವರಸೆಯ ಗೇಮ್. ಆದರೆ ಅಲ್ಲಿ ನಮ್ಮನ್ನು ಕೊಂದ ಸಾಮಾನ್ಯ ಸೈನಿಕನಿಗೆ ಬಡ್ತಿ ಸಿಗುತ್ತದೆ. ಮುಂದಿನ ಸಲ ಎದುರಾದಾಗ ಅವನು ನಮ್ಮನ್ನು ಗುರುತಿಸಿ ಹಂಗಿಸುತ್ತಾನೆ. ನಾವು ಸುಟ್ಟು ಬಿಟ್ಟುಬಂದವನು ಸುಟ್ಟ ಮುಖ ಹೊತ್ತು ಹುಡುಕಿಕೊಂಡು ಬರುತ್ತಾನೆ. ಹೊಡೆದಾಟ ಹಳೆಯದೇ, ವೈರ ಮಾತ್ರ ನಮ್ಮ ಸ್ವಂತದ್ದು. ಈ ಉಪಾಯ ಎಲ್ಲೆಡೆ ಹರಡಬಹುದಿತ್ತು. ಆದರೆ ವಾರ್ನರ್ ಬ್ರದರ್ಸ್ ಇದಕ್ಕೆ ಪೇಟೆಂಟ್ ಕೇಳಿ 2021ರಲ್ಲಿ ಪಡೆಯಿತು. ಆ ಗೇಮ್ ಮಾಡಿದ ಮೊನೊಲಿತ್ ಸ್ಟುಡಿಯೋವನ್ನು 2025ರಲ್ಲಿ ಅದೇ ಕಂಪನಿ ಮುಚ್ಚಿತು. ಬಿತ್ತನೆ ಬೀಜದ ಪೇಟೆಂಟ್ ಜಗಳ ಬರೆದು ಗೊತ್ತಿರುವ ನಮಗೆ ಈ ಕಥೆ ಹೊಸದಾಗಿ ಕಾಣಲಿಲ್ಲ.

2020ರಲ್ಲಿ ಪೂರ್ಣಗೊಂಡು ಬಂದ ‘ಹೇಡೀಸ್’ ಇನ್ನೊಂದು ಉತ್ತರ. ಸಣ್ಣ ತಂಡದ ಕೆಲಸ. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಟ ರಾಜಕುಮಾರ ಪ್ರತಿ ಸಲ ಸತ್ತು ಅಪ್ಪನ ಅರಮನೆಗೇ ಮರಳುತ್ತಾನೆ. ಮರಳಿದಾಗಲೆಲ್ಲ ಅಲ್ಲಿನವರಿಗೆ ಹೇಳಲು ಹೊಸ ಮಾತಿರುತ್ತದೆ. ಮುಂದಿನ ಸಲ ಸಿಗುವ ವರಗಳೂ ಬೇರೆ. ಸೋತು ಮೊದಲಿನಿಂದ ಆಡುವುದನ್ನೇ ಕಥೆ ಮಾಡಿಕೊಂಡ ಗೇಮ್ ಅದು. ಆ ವರ್ಷದ ಅತ್ಯುತ್ತಮ ಗೇಮ್‌ಗಳ ಪಟ್ಟಿಗಳಲ್ಲಿ ದೊಡ್ಡ ದೊಡ್ಡ ಸ್ಟುಡಿಯೋಗಳ ಪಕ್ಕದಲ್ಲೇ ನಿಂತಿತು.

ನಮ್ಮ ಕಟ್ಟೆಯ ಮೇಲೆ

ಇನ್ನು ಅರಳಿಕಟ್ಟೆಯ ವಿಷಯ. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದು ಮರಳಿತು. ಅದರ ಒಳಗಿನ ಆಟವನ್ನು ಹಾಡಿದ್ದೇ ಹಾಡು ಎನ್ನಲು ಬರುವುದಿಲ್ಲ. ನಕ್ಷೆ ಒಂದೇ ಇರಬಹುದು, ಎದುರಿಗಿರುವವರು ಮನುಷ್ಯರು. ಯಾರು ಎಲ್ಲಿ ಇಳಿಯುತ್ತಾರೆ, ಯಾರು ಗೆಳೆಯನನ್ನು ಬಿಟ್ಟು ಓಡುತ್ತಾರೆ ಎಂಬುದು ಪ್ರತಿ ಸಲವೂ ಬೇರೆ. ಅಷ್ಟರಮಟ್ಟಿಗೆ ಅದು ಕಬಡ್ಡಿಯೇ.

ಆದರೆ ಆ ಆಟದ ಸುತ್ತ ಇನ್ನೊಂದು ಪದರ ಕಟ್ಟಿದ್ದಾರೆ. ದಿನಕ್ಕಿಷ್ಟು ಮಿಷನ್ ಮುಗಿಸು, ವಾರಕ್ಕಿಷ್ಟು ಅಂಕ ಕೂಡಿಸು. ಸೀಸನ್ ಮುಗಿದಾಗ ಗಳಿಸಿದ ದರ್ಜೆ ಕೆಳಗಿಳಿಯುತ್ತದೆ, ಮತ್ತೆ ಹತ್ತು. ಹುಡುಗರು ‘ಬೋರು’ ಎನ್ನುವುದು ಬಹುಮಟ್ಟಿಗೆ ಈ ಹಾಜರಿ ಪುಸ್ತಕವನ್ನು. ಇವತ್ತು ಬಾರದಿದ್ದರೆ ಏನೋ ತಪ್ಪಿಹೋಗುತ್ತದೆ ಎಂಬ ಭಯದಿಂದ ಅವರು ಸಹಿ ಹಾಕಲು ಬರುತ್ತಾರೆ. ನರೇಗಾ ಕೆಲಸದಲ್ಲಿ ಹಾಜರಿ ಹಾಕಿದರೆ ತಡವಾಗಿಯಾದರೂ ಕೂಲಿ ಬರುತ್ತಿತ್ತು. ಇಲ್ಲಿ ಡೇಟಾ ಪ್ಯಾಕಿನ ದುಡ್ಡೂ ನಮ್ಮದೇ.

ಆದ್ದರಿಂದ ಗೇಮ್ ಆಡಬೇಡ ಎಂಬ ಉಪದೇಶಕ್ಕಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರಬಹುದು. ಇವತ್ತು ಆಡಿದ್ದರಲ್ಲಿ ನಿನ್ನೆ ನಿನಗೆ ಬಾರದೆ ಇದ್ದದ್ದು ಏನಿತ್ತು? ಕಾಂಟ್ರಾದ ಜಲಪಾತ ದಾಟಿದವನ ಬಳಿ ಇದಕ್ಕೆ ಉತ್ತರವಿತ್ತು. ‘ಸ್ಪೇಸ್ ಇನ್ವೇಡರ್ಸ್’ನ ಕೊನೆಯ ಜೀವಿಯನ್ನು ಹೊಡೆದವನ ಬಳಿಯೂ ಇತ್ತು. ಉತ್ತರ ಇದ್ದರೆ ಆಡಲಿ, ನೂರು ಸಲ ಆಡಲಿ. ಇಲ್ಲದಿದ್ದರೆ ಅದು ಗಾಣದ ಎತ್ತಿನ ನಡಿಗೆ, ಎಣ್ಣೆ ಇನ್ನೊಬ್ಬರ ಮನೆಗೆ ಹೋಗುತ್ತಿದೆ.